ಚೀಟಿಯಲ್ಲಿ ಬರೆಯದೇ ಬಿಟ್ಟ ಒಂದು ಸಾಲು

ಹೋಮ್‌ಸ್ಟೇ ಕೆಲಸದಲ್ಲಿ ಬೆಳಿಗ್ಗೆ ಐದೂವರೆಗೆ ಫೋನ್ ಬಂತು ಅಂದರೆ ಸಾಮಾನ್ಯವಾಗಿ ಎರಡೇ ಕಾರಣ. ಬಿಸಿನೀರು ಬರ್ತಿಲ್ಲ, ಇಲ್ಲಾ ರೂಮಿನೊಳಗೆ ಜಿಗಣೆ ಬಂದಿದೆ. ಆವತ್ತು ಎರಡೂ ಅಲ್ಲ. ಆರನೇ ರೂಮಿನ ಹಿರಿಯರು ದನಿ ತಗ್ಗಿಸಿ ಕೇಳಿದರು: “ಇಲ್ಲಿ ಹತ್ತಿರದಲ್ಲಿ ಆಸ್ಪತ್ರೆ ಎಲ್ಲಿದೆ? ಮೂತ್ರ ಕೆಂಪಗೆ ಹೋಗ್ತಿದೆ. ರಕ್ತ ಅನ್ಸುತ್ತೆ.”

ಅವರಿಗೆ ಹಿಂದೊಮ್ಮೆ ಕಿಡ್ನಿಯಲ್ಲಿ ಕಲ್ಲಾಗಿತ್ತಂತೆ. ಹೆಂಡತಿ ಪಕ್ಕದಲ್ಲಿ ಅಳ್ತಾ ಇರೋದು ಫೋನಿನಲ್ಲೇ ಕೇಳ್ತಿತ್ತು. ನಾನು ಜೀಪಿನ ಡ್ರೈವರ್‌ನನ್ನು ಎಬ್ಬಿಸಿದೆ. ಅಷ್ಟರಲ್ಲಿ ಎರಡನೇ ರೂಮಿಂದ ಫೋನ್ ಬಂತು, ಅದೇ ದೂರು. ಆಮೇಲೆ ಒಂಬತ್ತನೇ ರೂಮು. ನನ್ನ ಕೈಕಾಲು ತಣ್ಣಗಾಯಿತು. ರಾತ್ರಿ ಊಟದಲ್ಲಿ ಏನೋ ಎಡವಟ್ಟಾಗಿದೆ, ಮೂವತ್ತು ಜನಕ್ಕೂ ವಿಷ ಹಾಕಿಬಿಟ್ಟೆವು ಅಂದುಕೊಂಡು ಅಡುಗೆಮನೆಗೆ ಓಡಿದೆ.

ನಮ್ಮ ಅಡುಗೆಯ ಅಕ್ಕ ಒಲೆಗೆ ಸೌದೆ ಒಡ್ಡುತ್ತಾ ಕೂತಿದ್ದರು. ಕೇಳಿಸಿಕೊಂಡು ತಲೆ ಕೂಡ ಎತ್ತಲಿಲ್ಲ. “ಮದ್ದು ಪಾಯಸ ತಿಂದರೆ ಕೆಂಪಗೇ ಹೋಗೋದು ಮಾರಾಯ. ನೀನು ಅವರಿಗೆ ಹೇಳಿರ್ಲಿಲ್ವಾ?”

ಹೇಳಿರಲಿಲ್ಲ. ಯಾಕೆಂದರೆ ನನಗೇ ಗೊತ್ತಿರಲಿಲ್ಲ. ನಾನು ಹಾಸನದ ಕಡೆಯವನು. ಮಡಿಕೇರಿ ಹತ್ತಿರದ ಈ ಹೋಮ್‌ಸ್ಟೇಗೆ ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು. ಆದರೆ ಪ್ರತಿ ವರ್ಷ ಆ ಪಾಯಸ ಮಾಡುವ ಆಗಸ್ಟ್ ಹೊತ್ತಿಗೆ ಗೆಸ್ಟ್‌ಗಳು ಇರುತ್ತಿರಲಿಲ್ಲ, ನಾನು ರಜೆ ಹಾಕಿ ಊರಿಗೆ ಹೋಗಿಬಿಡುತ್ತಿದ್ದೆ. ಮದ್ದು ಪಾಯಸವನ್ನು ನಾನು ಮೊದಲ ಸಲ ತಿಂದದ್ದೂ ಹಿಂದಿನ ರಾತ್ರಿಯೇ. ಮೂವತ್ತು ಜನರನ್ನು ಕರೆದು ಬಡಿಸುವ ಅಡುಗೆಯ ಬಗ್ಗೆ ನನಗೆ ಗೊತ್ತಿದ್ದದ್ದು ಅದರ ಬಣ್ಣ ಫೋಟೋದಲ್ಲಿ ಚೆನ್ನಾಗಿ ಬರುತ್ತೆ ಅನ್ನೋದು ಮಾತ್ರ.

ಇದು 2019ರ ಆಗಸ್ಟ್ 4ರ ಕಥೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಿದ್ದು ನಿಮಗೆ ನೆನಪಿರಬಹುದು. ಆಮೇಲೆ ಮಳೆಗಾಲ ಅಂದರೆ ಜನ ಈ ಕಡೆ ತಲೆ ಹಾಕುತ್ತಿರಲಿಲ್ಲ. ಹನ್ನೆರಡು ರೂಮು ಖಾಲಿ, ಸಂಬಳ ಮಾತ್ರ ಕೊಡಲೇಬೇಕು. ಏನಾದರೂ ಮಾಡಪ್ಪ ಅಂತ ಸಾಹುಕಾರರು ಅಂದರು. ಆ ವರ್ಷ ಆಗಸ್ಟ್ 3 ಶನಿವಾರ ಬಿದ್ದಿತ್ತು. ಅದು ಕಕ್ಕಡ ಪದ್‌ನೆಟ್, ಅಂದರೆ ಕೊಡವರ ಲೆಕ್ಕದ ಕಕ್ಕಡ ತಿಂಗಳ 18ನೇ ದಿನ. ಗದ್ದೆ ಕೆಲಸ ಮುಗಿಯುವ ಹೊತ್ತು, ಹೊರಗೆ ಬಿಡದೆ ಹೊಯ್ಯುವ ಮಳೆ. ಆವತ್ತು ಕೊಡವರ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ ಆಗಲೇಬೇಕು. ಆ ಸೊಪ್ಪಿಗೆ ದಿನಕ್ಕೊಂದರಂತೆ 18 ಔಷಧ ಸೇರಿ, ಆವತ್ತಿಗೆ ಪೂರ್ತಿ ಆಗುತ್ತೆ ಅನ್ನೋ ನಂಬಿಕೆ. ಸೊಪ್ಪನ್ನು ಕಡ್ಡಿ ಸಮೇತ ಕುದಿಸಿದರೆ ನೀರು ಗಾಢ ನೇರಳೆ ಆಗುತ್ತೆ. ಅದನ್ನು ಸೋಸಿ, ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕುತ್ತಾರೆ. ಪುಟ್ಟು ಮಾಡಿ ಜೇನು, ತುಪ್ಪದ ಜೊತೆ ತಿನ್ನುವುದೂ ಉಂಟು. ಇದನ್ನೇ ಇಟ್ಟುಕೊಂಡು ವಾರದ ಕೊನೆಯ ಎರಡು ದಿನ “ಮಳೆಗಾಲದ ಊಟದ ಹಬ್ಬ” ಅಂತ ಮಾಡೋಣ ಅಂದೆ. ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರ್. ಶುಕ್ರವಾರ ಸಂಜೆ ಹೊರಟು ಭಾನುವಾರ ವಾಪಸ್. ಹನ್ನೆರಡು ರೂಮೂ ಭರ್ತಿಯಾದವು.

ಇಲ್ಲಿಯವರೆಗೆ ನನ್ನ ತಪ್ಪಿಲ್ಲ. ತಪ್ಪು ಶುರುವಾಗಿದ್ದು ಚೀಟಿಯಿಂದ.

ಪ್ರತಿ ರೂಮಿನ ಟೇಬಲ್ ಮೇಲೆ ಇಡೋಕೆ ಒಂದು ಚೀಟಿ ಪ್ರಿಂಟ್ ಮಾಡಿಸಿದ್ದೆ. ಶನಿವಾರ ಒಂದೇ ದಿನಕ್ಕೆ ಹನ್ನೊಂದು ಕಾರ್ಯಕ್ರಮ. ಆರಕ್ಕೆ ಹಕ್ಕಿ ನೋಡೋದು. ಏಳೂವರೆಗೆ ಯೋಗ. ಎಂಟೂವರೆಗೆ ತಿಂಡಿ. ಹತ್ತಕ್ಕೆ ಮಾಂದಲಪಟ್ಟಿ ಬೆಟ್ಟಕ್ಕೆ ಜೀಪು. ಮಧ್ಯಾಹ್ನ ಊಟ ಆದ ಕೂಡಲೇ ಅಡುಗೆ ಸ್ಪರ್ಧೆ, ಆಮೇಲೆ ಕಾಫಿ ರುಚಿ ನೋಡೋದು, ರಾಜಾಸೀಟು, ಕೊನೆಗೆ ಏಳು ಗಂಟೆಗೆ ಕ್ಯಾಂಪ್ ಫೈರ್. ಕೊಡಗಿನ ಆಗಸ್ಟ್ ತಿಂಗಳಲ್ಲಿ, ಬಯಲಲ್ಲಿ, ಕ್ಯಾಂಪ್ ಫೈರ್! ಈಗಲೂ ನಮ್ಮ ಹುಡುಗರು ನನ್ನ ಕಾಲೆಳೆಯೋದು ಇದನ್ನು ಹೇಳಿಯೇ.

ಚೀಟಿಯನ್ನು ಅಕ್ಕನಿಗೆ ಓದಿ ಹೇಳಿದಾಗ ಅವರು ಒಂದೇ ಕಡೆ ನಿಲ್ಲಿಸಿದ್ದರು. “ಹನ್ನೊಂದಕ್ಕೆ ತೋಟದಂಚಿನಲ್ಲಿ ಬೈಂಬಳೆ ಕೀಳುವುದು, ಒಂದು ಗಂಟೆಗೆ ಅದೇ ಬೈಂಬಳೆ ಸಾರಿನ ಊಟ” ಅಂತ ಬರೆದಿದ್ದೆ. ಬೈಂಬಳೆ ಅಂದರೆ ಎಳೆ ಬಿದಿರು, ನಮ್ಮ ಕಡೆ ಕಳಲೆ. “ಅದನ್ನ ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಾಯಿಸಿ, ಮೂರನೇ ದಿನ ಒಲೆಗೆ ಇಡೋದು. ಕಹಿ ಹೋಗಬೇಡ್ವಾ? ಹಸಿಯಾಗಿ ಹಾಗೇ ತಿಂದರೆ ಮೈಗೂ ಒಳ್ಳೇದಲ್ಲ. ನಿನ್ನ ವಾಚು ನೋಡ್ಕೊಂಡು ಅದು ಬೇಯುತ್ತಾ?” ಅಂದರು. ನಾನು ಆ ಸಾಲು ಹೊಡೆದು ಹಾಕಿದೆ. ಉಳಿದ ಹನ್ನೊಂದು ಹಾಗೇ ಉಳಿದವು. ಅವರು ಹೇಳಿದ್ದು ಒಂದು ಸಾಲಿನ ಬಗ್ಗೆ ಅಲ್ಲ, ಇಡೀ ಚೀಟಿ ಬಗ್ಗೆ ಅಂತ ಆಗ ನನ್ನ ತಲೆಗೆ ಹೋಗಲಿಲ್ಲ.

ಶನಿವಾರ ಏನಾಯಿತು ಅಂದರೆ, ಹಕ್ಕಿ ನೋಡೋಕೆ ಇಬ್ಬರು ಬಂದರು, ಹಕ್ಕಿ ಒಂದೂ ಬರಲಿಲ್ಲ. ಮಾಂದಲಪಟ್ಟಿಯಲ್ಲಿ ಮಂಜು ಎಷ್ಟಿತ್ತು ಅಂದರೆ ಮುಂದೆ ನಿಂತವರ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಜೀಪಿನಲ್ಲಿ ಕುಲುಕಿ ಕುಲುಕಿ, ನೆಂದು, ಸಾಕ್ಸ್ ಒಳಗಿನ ಜಿಗಣೆ ಕಿತ್ತುಕೊಂಡು ಎರಡು ಗಂಟೆಗೆ ವಾಪಸ್ ಬಂದರು. ಊಟಕ್ಕೆ ಕೂತವರ ಮುಖದಲ್ಲಿ ಹಸಿವಿಗಿಂತ ಸುಸ್ತು ಜಾಸ್ತಿ ಇತ್ತು. ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಅಡುಗೆಗೆ, ಕಾಚಂಪುಳಿ ಅನ್ನೋ ಕಪ್ಪು ಹುಳಿ ಯಾವಾಗ ಹಾಕ್ತಾರೆ ಅಂತ ಒಬ್ಬರು ಕೇಳಿದರು. ಉತ್ತರ ಹೇಳೋಕೆ ನನಗೆ ಪುರುಸೊತ್ತಿರಲಿಲ್ಲ. “ಸರ್, ಸ್ಪರ್ಧೆಗೆ ಟೈಮ್ ಆಯ್ತು, ಬೇಗ ಬೇಗ” ಅಂದೆ. ಊಟದ ಹಬ್ಬ ಅಂತ ಕರೆದು ಊಟದ ತಟ್ಟೆ ಮುಂದೆ ಕೂತವರನ್ನ ಎಬ್ಬಿಸುತ್ತಿದ್ದೆ.

ಮೂರು ಗಂಟೆಗೆ ಕರೆಂಟು ಹೋಯಿತು. ಮಳೆ ಹೆಂಚಿನ ಮೇಲೆ ಹೇಗೆ ಬಡಿಯುತ್ತಿತ್ತು ಅಂದರೆ ಮಾತಾಡಬೇಕಾದರೆ ಕೂಗಬೇಕು. ಸ್ಪರ್ಧೆ ರದ್ದಾಯಿತು, ರಾಜಾಸೀಟೂ ರದ್ದು. ನಾನು ಜನರೇಟರ್ ಹತ್ತಿರ, ಆಮೇಲೆ ಜೀಪಿನವರ ಹತ್ತಿರ, ಆಮೇಲೆ ಫೋನಿಗೆ ಸಿಗ್ನಲ್ ಹುಡುಕುತ್ತಾ ಗೇಟಿನ ಹತ್ತಿರ ಓಡಾಡುತ್ತಿದ್ದೆ. ನನ್ನ ಕಾರ್ಯಕ್ರಮ ಕೆಟ್ಟಿತು, ಇನ್ನು ದುಡ್ಡು ವಾಪಸ್ ಕೇಳ್ತಾರೆ ಅನ್ನೋದೇ ಯೋಚನೆ. ಐದು ಗಂಟೆ ಹೊತ್ತಿಗೆ ಗೆಸ್ಟ್‌ಗಳಿಗೆ ಕಾಫಿಯಾದರೂ ಕೊಡೋಣ ಅಂತ ಅಡುಗೆಮನೆಗೆ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ.

ಒಳಗೆ ಹದಿನೈದು ಹದಿನಾರು ಜನ ಇದ್ದರು. ಒಲೆ ಉರಿಯುತ್ತಿದ್ದದ್ದು ಅದೊಂದೇ ಕೋಣೆಯಲ್ಲಿ, ಚಳಿಗೆ ಒಬ್ಬೊಬ್ಬರೇ ಬಂದು ಸೇರಿಕೊಂಡಿದ್ದರು. ಅಕ್ಕ ರಾತ್ರಿಯ ಕಡಂಬುಟ್ಟಿಗೆ ಅಕ್ಕಿ ತರಿ ಬೇಯಿಸಿ ದೊಡ್ಡ ಪಾತ್ರೆಯಲ್ಲಿ ಇಟ್ಟಿದ್ದರು. ಅದು ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು, ಆರಿದರೆ ಬಿರುಕು ಬಿಡುತ್ತೆ. ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು. ಕೈ ಅದ್ದಿ, ಹಿಟ್ಟು ತೆಗೆದು, ಎರಡು ಅಂಗೈ ಮಧ್ಯೆ ಉರುಳಿಸಿ, ಸುಟ್ಟರೆ “ಅಯ್ಯೋ” ಅಂತ ಮತ್ತೆ ನೀರಿಗೆ ಕೈ. ಕಂಪನಿಗಳಲ್ಲಿ ದೊಡ್ಡ ದೊಡ್ಡ ಹುದ್ದೆಯಲ್ಲಿರುವವರು ನೆಲದ ಮೇಲೆ ಮಣೆ ಹಾಕ್ಕೊಂಡು ಕೂತು ಉಂಡೆ ಕಟ್ಟುತ್ತಿದ್ದರು. ಆರೇಳು ವರ್ಷದ ಒಂದು ಹುಡುಗಿಯ ಉಂಡೆಗಳು ಯಾವುದೂ ದುಂಡಗಿರಲಿಲ್ಲ, ಒಂದು ಆಲೂಗಡ್ಡೆ ಥರ, ಇನ್ನೊಂದು ಕಲ್ಲಿನ ಥರ. ಅವಳಮ್ಮ ಅದನ್ನ ತಿದ್ದೋಕೆ ಕೈ ಹಾಕಿದಾಗ ಅಕ್ಕ ತಡೆದರು. ಅವನ್ನೆಲ್ಲ ಒಂದು ಬಾಳೆಲೆ ಚೂರಿನ ಮೇಲೆ ಬೇರೆ ಇಟ್ಟು, ಹಾಗೇ ಹಬೆಗೆ ಇಟ್ಟರು. ರಾತ್ರಿ ಊಟದಲ್ಲಿ ಆ ಆಲೂಗಡ್ಡೆ ಕಡಂಬುಟ್ಟು ಆ ಹುಡುಗಿಯ ತಟ್ಟೆಗೇ ಬಂತು. ನಾನು ಬರೆದ ಯಾವ ಚೀಟಿಯಲ್ಲೂ ಇಂಥದ್ದು ಇರಲಿಲ್ಲ.

ಮಧ್ಯಾಹ್ನ ಕಾಚಂಪುಳಿ ಕೇಳಿದವರಿಗೂ ಅಲ್ಲೇ ಉತ್ತರ ಸಿಕ್ಕಿತ್ತು. ಮಳೆಗಾಲದಲ್ಲಿ ಉದುರುವ ಪಣಪುಳಿ ಹಣ್ಣನ್ನು ಬುಟ್ಟಿಗೆ ತುಂಬಿ, ಕೆಳಗೆ ಪಾತ್ರೆ ಇಟ್ಟು, ತೊಟ್ಟಿಕ್ಕುವ ರಸ ಹಿಡಿದು, ಅದನ್ನು ಕುದಿಸಿ ಕುದಿಸಿ ಕಪ್ಪಗೆ ಮಂದ ಮಾಡೋದು. ಮಾಂಸ ತನ್ನ ಕೊಬ್ಬಲ್ಲೇ ಬೆಂದು, ಹುರಿದ ಮಸಾಲೆ ಪುಡಿ ಬಿದ್ದು, ಕೊನೆಗೆ ಇದು. ಅಕ್ಕ ಒಂದು ಹನಿಯನ್ನು ಅವರ ಅಂಗೈಗೆ ಹಾಕಿ ನೆಕ್ಕಿಸಿದ್ದರು. ಬಾಟಲಿ ಬೇಕು ಅಂತ ಎಂಟು ಜನ ಹೆಸರು ಬರೆಸಿದ್ದರು, ನಾನು ಅಡುಗೆಮನೆಗೆ ಹೋಗುವ ಮೊದಲೇ.

ಮಾರನೇ ದಿನ ಬೆಳಿಗ್ಗೆ ಆ ಮೂರು ಫೋನು. ಅಕ್ಕ ಹೇಳಿದ್ದನ್ನು ಹೋಗಿ ಹೇಳಿದೆ. ಎರಡನೇ ರೂಮಿನವರು ನಕ್ಕುಬಿಟ್ಟರು. ಆರನೇ ರೂಮಿನ ಹಿರಿಯರು ನಗಲಿಲ್ಲ. “ಹನ್ನೊಂದು ಕಾರ್ಯಕ್ರಮ ಬರೆದಿದ್ದೀರಿ. ಇದೊಂದು ಸಾಲು ಬರೆಯೋಕೆ ಜಾಗ ಇರಲಿಲ್ವಾ?” ಅಂದರು. ಅವರಿಗೆ ಹಿಂದೆ ಕಲ್ಲಾಗಿದ್ದರಿಂದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗೋಣ ಅಂದೆ, ಹೋಗಿ ಬಂದೆವು. ಏನೂ ತೊಂದರೆ ಇರಲಿಲ್ಲ. ಆದರೂ ಅವರು ಮತ್ತೆ ಬರಲಿಲ್ಲ. ನನ್ನ ಕೆಲಸದಲ್ಲಿ ಇವತ್ತಿಗೂ ಚುಚ್ಚುವ ಮಾತು ಅದೇ. ಅದೃಷ್ಟಕ್ಕೆ ಎಲ್ಲರೂ ಭಾನುವಾರವೇ ಊರು ಸೇರಿದರು. ಮುಂದಿನ ವಾರ ಮಳೆ ಮತ್ತೆ ವಿಪರೀತ ಆಯಿತು, ಜಿಲ್ಲೆಯಲ್ಲಿ ಮತ್ತೆ ಗುಡ್ಡ ಕುಸಿಯಿತು. ಆಗಸ್ಟಿನಲ್ಲಿ ಜನರನ್ನು ಬೆಟ್ಟಕ್ಕೆ ಕರೆಯುವವರು ಹವಾಮಾನದ ಮುನ್ಸೂಚನೆ ನೋಡಿ, ಬೇಕಾದರೆ ಬುಕಿಂಗ್ ರದ್ದು ಮಾಡೋಕೂ ತಯಾರಿರಬೇಕು. ಅದು ಹೆಚ್ಚು ಮಾತಾಡುವ ವಿಷಯವೇ ಅಲ್ಲ.

ಎರಡು ವರ್ಷ ಕೊರೊನಾದಲ್ಲಿ ಹೋಯಿತು. ಮತ್ತೆ ಶುರು ಮಾಡುವಾಗ ಸಾಹುಕಾರರ ಮುಂದೆ ಹೊಸ ಚೀಟಿ ಇಟ್ಟೆ. ಅದರಲ್ಲಿ ದಿನಕ್ಕೆ ಮೂರೇ ಸಾಲು, ಮೂರು ಊಟದ ಹೊತ್ತು. ಅವರು ಹಾಳೆ ತಿರುಗಿಸಿ ಹಿಂದೆ ಏನಾದರೂ ಇದೆಯಾ ಅಂತ ನೋಡಿದರು. “ಏನಯ್ಯಾ, ಖಾಲಿ ಹಾಳೆಗೆ ಯಾರು ದುಡ್ಡು ಕೊಡ್ತಾರೆ?” ಅವರ ಮಾತೂ ತಪ್ಪಲ್ಲ. ಜೀಪು, ಕ್ಯಾಂಪ್ ಫೈರ್ ಅಂದರೆ ಬಿಲ್ಲಿನಲ್ಲಿ ತೋರಿಸಬಹುದು, ಸುಮ್ನೆ ಕೂರೋದನ್ನ ಹೇಗೆ ತೋರಿಸೋದು? ನಾನು ಜೀಪಿನ ಖರ್ಚನ್ನು ತೆಗೆದು ಅದನ್ನು ಅಡುಗೆಗೆ ಹಾಕಿದ ಲೆಕ್ಕ ತೋರಿಸಿದೆ. ಒಪ್ಪಿದರು, ಅರೆಮನಸ್ಸಿನಿಂದಲೇ.

ಖಾಲಿ ಹಾಳೆ ಅಂದರೆ ಕೆಲಸ ಕಡಿಮೆ ಅಂದುಕೊಳ್ಳಬೇಡಿ. ಗೆಸ್ಟ್‌ಗೆ ಬಿಡುವು ಸಿಗಬೇಕಾದರೆ ನಮಗೆ ವಾರ ಪೂರ್ತಿ ಬಿಡುವಿರೋದಿಲ್ಲ. ಬೈಂಬಳೆ ಬುಧವಾರವೇ ನೀರಿಗೆ ಬೀಳಬೇಕು. ಪಂದಿ ಕರಿ ಶುಕ್ರವಾರವೇ ಆಗಬೇಕು, ಮಾರನೇ ದಿನಕ್ಕೆ ಅದರ ರುಚಿ ಹೆಚ್ಚು, ಶನಿವಾರ ಅಡುಗೆಮನೆಯಲ್ಲಿ ಕೂತು ಮಾತಾಡೋಕೆ ಅಕ್ಕನಿಗೂ ಸಮಯ ಸಿಗುತ್ತೆ. ಅಣಬೆ ಗೊತ್ತಿರುವವರು ಕಿತ್ತು ತಂದದ್ದು ಮಾತ್ರ, ಅನುಮಾನ ಬಂದರೆ ಗುಂಡಿಗೆ. ಕೆಸುವಿನ ಎಲೆಗೆ ಹುಳಿ ಸಾಕಷ್ಟು ಬಿದ್ದಿದೆಯಾ ಅಂತ ಬಡಿಸುವ ಮೊದಲು ಯಾರಾದರೂ ಒಬ್ಬರು ತಿಂದು ನೋಡಬೇಕು, ಗಂಟಲು ತುರಿಸಿದರೆ ಇಡೀ ಹಬ್ಬ ಹಾಳು. ಸಸ್ಯಾಹಾರಿಗಳಿಗೆ ಒಲೆ ಬೇರೆ, ಸೌಟು ಬೇರೆ. ಮೊದಲ ವರ್ಷ ಅವರಿಗೆ ಬೇಳೆಸಾರು, ಪಲ್ಯ ಹಾಕಿ ಕೈತೊಳೆದುಕೊಂಡಿದ್ದೆ. ಕೊಡಗಿನ ಊಟ ಅಂದರೆ ಹಂದಿ ಅಂತಷ್ಟೇ ಅಂದುಕೊಂಡಿದ್ದ ನನ್ನ ದಡ್ಡತನ ಅದು. ಮಳೆಗಾಲದಲ್ಲಿ ನಿಜವಾಗಿ ತಿನ್ನಬೇಕಾದದ್ದು ಬೈಂಬಳೆ, ಅಣಬೆ, ಕೆಸ. ಅದರ ಜೊತೆ ಬಿಸಿ ನೂಪುಟ್ಟು, ಅಂದರೆ ಒತ್ತು ಶಾವಿಗೆ, ಇದ್ದರೆ ಮಾಂಸದವರೂ ಈ ಕಡೆ ಬಂದು ಕೈಯೊಡ್ಡುತ್ತಾರೆ.

ಕಳೆದ ಸಲ, 2025ರಲ್ಲಿ, ಆಗಸ್ಟ್ 3 ಭಾನುವಾರ ಬಂತು. ಇಪ್ಪತ್ತೆರಡು ಜನ. ಶನಿವಾರ ಮಧ್ಯಾಹ್ನ ನಾನು ವರಾಂಡದಲ್ಲಿ ಸುತ್ತು ಹಾಕಿದಾಗ ಒಬ್ಬರು ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು. ಅವರ ಹೊಟ್ಟೆ ಮೇಲೆ ನಮ್ಮ ಚೀಟಿ ಮಡಚಿ ಬಿದ್ದಿತ್ತು. ಹೊಸಬ ಹುಡುಗ “ಎಬ್ಬಿಸ್ಲಾ ಸರ್, ಕಾಫಿ ಆರುತ್ತೆ” ಅಂದ. ಬೇಡ, ಇನ್ನೊಂದು ಮಾಡಿದರಾಯಿತು ಅಂದೆ.

ಪಾಯಸ ಬಡಿಸಿದ್ದು ಭಾನುವಾರ ಮಧ್ಯಾಹ್ನದ ಊಟಕ್ಕೆ. ಊಟ ಮುಗಿಸಿ ಎಲ್ಲರೂ ಕಾರು ಹತ್ತುವವರು. ಅಂದರೆ ಕೆಂಪು ಬಣ್ಣ ಕಾಣಿಸೋದು ಇಲ್ಲಿ ಅಲ್ಲ, ದಾರಿಯ ಹೋಟೆಲಿನಲ್ಲೋ ಮನೆಯಲ್ಲೋ! ಚೀಟಿಯ ಮೇಲ್ಗಡೆ ದಪ್ಪಕ್ಷರದಲ್ಲಿ ಬರೆದಿದ್ದೆ, ಬಡಿಸುವಾಗ ಬಾಯಲ್ಲೂ ಹೇಳಿದೆ, ಬೇರೆ ಏನಾದರೂ ಕಾಯಿಲೆ ಇರುವವರು ಡಾಕ್ಟರನ್ನು ಕೇಳಿಕೊಂಡೇ ತಿನ್ನಿ ಅಂದೆ. ಸಾಲದು ಅಂತ ಸಂಜೆ ವಾಟ್ಸಾಪ್ ಗ್ರೂಪಿಗೂ ಹಾಕಿದೆ. ಅಕ್ಕ ನೋಡಿ, “ಒಂದು ಮಾತನ್ನ ಎಷ್ಟು ಸಲ ಹೇಳ್ತೀಯ ಮಾರಾಯ” ಅಂತ ಬೈದರು.

ಸೋಮವಾರ ಬೆಳಿಗ್ಗೆ ಗ್ರೂಪಿಗೆ ಮೊದಲ ಮೆಸೇಜು ಬಂದದ್ದು ಆ ಕುರ್ಚಿಯಲ್ಲಿ ಮಲಗಿದ್ದವರಿಂದ. “ಸಿಲ್ಕ್ ಬೋರ್ಡ್‌ಗೆ ಹೊರಡೋ ಮುಂಚೆಯೇ ರೆಡ್ ಸಿಗ್ನಲ್ ಬಿತ್ತು.” ಅದರ ಕೆಳಗೆ ಒಬ್ಬೊಬ್ಬರೇ, “ನಮಗೂ”, “ಇಲ್ಲೂ”, “ನಮ್ಮ ಅತ್ತೆಗೆ ಮಾತ್ರ ಇನ್ನೂ ಇಲ್ಲ, ಬೇಜಾರು ಮಾಡ್ಕೊಂಡಿದ್ದಾರೆ.” ಅಕ್ಕನಿಗೆ ಓದಿ ಹೇಳಿದೆ. ಅತ್ತೆಯವರು ಎಷ್ಟು ಪಾಯಸ ತಿಂದಿದ್ದರು ಅಂತ ಕೇಳಿದರು.