ಮುಟ್ಟಿದ್ದನ್ನೆಲ್ಲ ನುಂಗದ ಕೋಶ

ನಮ್ಮ ರಕ್ತದ್ರವದ ಪ್ರತಿ ಲೀಟರಿನಲ್ಲಿ ಸುಮಾರು 10 ಗ್ರಾಂನಷ್ಟು ಐಜಿಜಿ ಪ್ರತಿಕಾಯಗಳು, ಅಂದರೆ ರೋಗಾಣುಗಳಿಗೆ ಅಂಟಿಕೊಳ್ಳುವ ಒಂದು ಬಗೆಯ ರಕ್ಷಕ ಪ್ರೋಟೀನುಗಳು, ಇರುತ್ತವೆ. ಅವುಗಳ ಬಾಲವನ್ನು ಹಿಡಿಯಲೆಂದೇ ಇರುವ ಎಫ್‌ಸಿ ಗ್ರಾಹಿಗಳು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶದ ಹೊರಪೊರೆಯ ತುಂಬ ಹರಡಿಕೊಂಡಿವೆ. ಹಾಗಿದ್ದರೆ ಈ ಕೋಶವು ಹಗಲಿರುಳೂ ಕೆರಳಿಯೇ ಇರಬೇಕಿತ್ತಲ್ಲವೇ? ಪ್ರತಿರಕ್ಷಣೆಯ ಬಗ್ಗೆ ಓದತೊಡಗಿದಾಗಿನಿಂದ ನನ್ನನ್ನು ಕಾಡಿದ ಪ್ರಶ್ನೆ ಇದು. ಉತ್ತರ ತಿಳಿದ ಮೇಲೆ ಅದರ ಬಗೆಗಿನ ಬೆರಗು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಬಿಡಿಯಾಗಿ ತೇಲುವ ಪ್ರತಿಕಾಯವೊಂದು ಬಿಡಿ ಗ್ರಾಹಿಯೊಂದಕ್ಕೆ ಅಂಟಿದರೆ ಏನೂ ಆಗುವುದಿಲ್ಲ. ಆದರೆ ಮೈತುಂಬ ಪ್ರತಿಕಾಯ ಹೊದ್ದ ಬ್ಯಾಕ್ಟೀರಿಯಾ ಬಂದು ತಗುಲಿದಾಗ, ಹತ್ತಾರು ಗ್ರಾಹಿಗಳು ಒಂದೇ ಕಡೆ ಗುಂಪುಗೂಡುತ್ತವೆ. ಆಗ ಲಿನ್ ಮುಂತಾದ ಕೈನೇಸ್ ಕಿಣ್ವಗಳು ಗ್ರಾಹಿಯ ಒಳಬದಿಯಲ್ಲಿ ಜೋಡಿಯಾಗಿರುವ, ಪ್ರೋಟೀನಿನ ಘಟಕಗಳಾದ ಟೈರೋಸಿನ್‌ಗಳಿಗೆ ಫಾಸ್ಫೇಟ್ ಸೇರಿಸುತ್ತವೆ. ಆ ಜೋಡಿ ಫಾಸ್ಫೇಟುಗಳ ಮೇಲೆ ಸಿಕ್ ಎಂಬ ಇನ್ನೊಂದು ಕಿಣ್ವ ಬಂದು ಕೂತು, ನುಂಗುವ ಸಂಕೇತವನ್ನು ಮುಂದಕ್ಕೆ ಸಾಗಿಸುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪೊರೆಯಲ್ಲಿ ಸದಾ ಓಡಾಡಿಕೊಂಡಿರುವ ಸಿಡಿ45 ಎಂಬ ಪ್ರೋಟೀನು ಇಂಥ ಫಾಸ್ಫೇಟುಗಳನ್ನು ಕಿತ್ತುಹಾಕುತ್ತಿರುತ್ತದೆ. ಅದರ ಹೊರಭಾಗ ಎತ್ತರವಾದದ್ದು. ಕೋಶವೂ ಬ್ಯಾಕ್ಟೀರಿಯಾದಂಥ ಕಣವೂ ಮೈಗೆ ಮೈ ತಾಗಿಸಿ ನಿಂತಾಗ ನಡುವಿನ ಇಕ್ಕಟ್ಟಿನಲ್ಲಿ ಅದಕ್ಕೆ ಜಾಗ ಸಾಲದೆ ಅದು ಅಂಚಿಗೆ ಸರಿಯುತ್ತದೆ, ಅಳಿಸುವವರಿಲ್ಲದ ಕಾರಣ ಸಂಕೇತ ಉಳಿದುಕೊಳ್ಳುತ್ತದೆ. ಯೀಸ್ಟಿನ ಕೋಶಭಿತ್ತಿಯ ಸಕ್ಕರೆ ಸರಪಳಿಯಾದ ಬೀಟಾ ಗ್ಲೂಕನ್ ಅನ್ನು ಗುರುತಿಸುವ ಡೆಕ್ಟಿನ್-1 ಗ್ರಾಹಿಯೂ ಇದೇ ರೀತಿ ನಡೆದುಕೊಳ್ಳುತ್ತದೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು: ಕರಗಿದ ಗ್ಲೂಕನ್ ಗ್ರಾಹಿಗೆ ಅಂಟಿದರೂ ಅದನ್ನು ಎಬ್ಬಿಸಲಾರದು, ಕಣರೂಪದ ಗ್ಲೂಕನ್ ಎಬ್ಬಿಸುತ್ತದೆ. ದೂರದಲ್ಲೆಲ್ಲೋ ಇರುವ ಸೂಕ್ಷ್ಮಾಣುವಿನ ಚೂರಿಗೂ ಎದುರಿಗೇ ನಿಂತಿರುವ ಸೂಕ್ಷ್ಮಾಣುವಿಗೂ ಇರುವ ವ್ಯತ್ಯಾಸವನ್ನು ಕೋಶ ಅರಿಯುವುದು ಹೀಗೆ.

ಮುಂದಿನದು ಸ್ನಾಯುಬಲದಂಥ ಕೆಲಸ. ಪಿಐ3 ಕೈನೇಸ್, ರ‍್ಯಾಕ್, ಸಿಡಿಸಿ42 ಎಂಬ ಪ್ರೋಟೀನುಗಳ ಮೂಲಕ ಸುದ್ದಿ ಕೋಶದ ಚೌಕಟ್ಟಿನ ಆಕ್ಟಿನ್ ಎಳೆಗಳಿಗೆ ಮುಟ್ಟುತ್ತದೆ; ಎಳೆಗಳು ಬೆಳೆದು ಪೊರೆಯನ್ನು ಹೊರಕ್ಕೆ ತಳ್ಳುತ್ತವೆ, ಬಟ್ಟಲಿನಾಕಾರದ ಅಂಚು ಕಣವನ್ನು ಬಳಸುತ್ತ ಏರುತ್ತದೆ.

ಒಮ್ಮೆ ಆಜ್ಞೆ ಹೊರಟರೆ ಸಾಕು, ಉಳಿದದ್ದು ತಾನಾಗಿ ಮುಗಿಯುತ್ತದೆ ಎಂದೇ ನಾನು ಭಾವಿಸಿದ್ದೆ. ಅದು ತಪ್ಪು. 1970ರ ದಶಕದ ಮಧ್ಯಭಾಗದಲ್ಲಿ ವಿಜ್ಞಾನಿ ಸ್ಯಾಮುಯೆಲ್ ಸಿಲ್ವರ್‌ಸ್ಟೀನ್ ಮತ್ತು ಸಂಗಡಿಗರು ಬಿಳಿ ರಕ್ತಕಣಗಳ ಒಂದು ಬಗೆಯಾದ ಬಿ ಲಿಂಫೋಸೈಟ್‌ಗಳನ್ನು ಮ್ಯಾಕ್ರೋಫೇಜ್‌ಗಳ ಮುಂದಿಟ್ಟು ಪರೀಕ್ಷಿಸಿದರು. ಲಿಂಫೋಸೈಟಿನ ಮೈಮೇಲೆಲ್ಲ ಪ್ರತಿಕಾಯ ಹರಡಿದ್ದಾಗ ಮ್ಯಾಕ್ರೋಫೇಜ್ ಅದನ್ನು ನುಂಗಿತು. ಅದೇ ಪ್ರತಿಕಾಯ ಒಂದು ತುದಿಗೆ ಟೋಪಿಯಂತೆ ಸರಿದು ಕುಳಿತಿದ್ದಾಗ, ಆ ತುದಿಯನ್ನು ಹಿಡಿದುಕೊಂಡಿತು, ನುಂಗಲಿಲ್ಲ. ಜಿಪ್ಪಿನ ಹಲ್ಲುಗಳಂತೆ ಪ್ರತಿ ಹೆಜ್ಜೆಗೂ ಹೊಸ ಗ್ರಾಹಿಯೊಂದಕ್ಕೆ ಹೊಸ ಪ್ರತಿಕಾಯ ಸಿಗಬೇಕು, ಸಿಗದ ಕಡೆ ಪೊರೆಯ ಅಂಚು ನಿಂತುಬಿಡುತ್ತದೆ.