ಎಲ್ಲಾ ಜೀನ್‌ನಲ್ಲೇ ಇದ್ದರೆ ನಾವೇನು ಮಾಡೋಕಾಗುತ್ತೆ?

ಪದವಿ ತರಗತಿಗೆ ಮನಃಶಾಸ್ತ್ರ ಹೇಳಿಕೊಡುವವಳು ನಾನು. ನಡವಳಿಕೆಯ ಕಾರಣವನ್ನ ದೇಹದಲ್ಲೇ ಹುಡುಕುವ ಜೈವಿಕ ದೃಷ್ಟಿಕೋನದ ಪಾಠ ಬಂತು ಅಂದರೆ ಒಂದು ಪ್ರಶ್ನೆ ಗ್ಯಾರಂಟಿ. ಜೀನ್, ಮೆದುಳು, ಹಾರ್ಮೋನು, ನ್ಯೂರೋಟ್ರಾನ್ಸ್‌ಮಿಟರ್ (ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ) ಅಂತ ಬೋರ್ಡ್ ಮೇಲೆ ಬರೆದು ತಿರುಗುವಷ್ಟರಲ್ಲಿ ಯಾರಾದರೂ ಎದ್ದು ನಿಲ್ಲುತ್ತಾರೆ. "ಮೇಡಂ, ಎಲ್ಲಾ ಜೀನ್‌ನಲ್ಲೇ ಇದೆ ಅಂದಮೇಲೆ ನಾವೇನು ಮಾಡೋಕಾಗುತ್ತೆ? ಹಣೆಬರಹ ಅಂದ ಹಾಗೇ ಆಯ್ತಲ್ವಾ?"

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಉತ್ತರಕ್ಕೆ ನಾನು ಹಿಡಿದುಕೊಳ್ಳುವುದು ಪಿಕೆಯು ಅನ್ನುವ ಕಾಯಿಲೆಯನ್ನ. ಪೂರ್ತಿ ಹೆಸರು ಫೀನೈಲ್‌ಕೀಟೋನ್ಯೂರಿಯಾ.

1934, ನಾರ್ವೆ. ಒಬ್ಬ ತಾಯಿಗೆ ಇಬ್ಬರು ಮಕ್ಕಳು. ಇಬ್ಬರಿಗೂ ಬುದ್ಧಿ ಬೆಳೆದಿರಲಿಲ್ಲ. ಮಕ್ಕಳ ಮೂತ್ರಕ್ಕೆ ಏನೋ ವಿಚಿತ್ರ ವಾಸನೆ ಇದೆ ಅಂತ ಆಕೆ ಕಂಡ ಕಂಡ ಡಾಕ್ಟರ ಹತ್ತಿರವೆಲ್ಲಾ ಹೇಳಿಕೊಂಡು ಬಂದಿದ್ದಳು. ಕೊನೆಗೆ ಆ ಮಾತಿಗೆ ಕಿವಿಗೊಟ್ಟವರು ಆಸ್ಬ್ಯೋರ್ನ್ ಫೋಲಿಂಗ್. ಅವರು ವೈದ್ಯರೂ ಹೌದು, ರಸಾಯನಶಾಸ್ತ್ರ ಓದಿದವರೂ ಹೌದು. ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿ ನೋಡಿದರೆ ಅದು ಕಡು ಹಸಿರಿಗೆ ತಿರುಗಿತು. ಹಾಗೆ ಆಗಬಾರದಿತ್ತು. ಅಲ್ಲಿಂದ ಹುಡುಕುತ್ತಾ ಹೋದಾಗ ವಿಷಯ ಬಯಲಿಗೆ ಬಂತು. ಪ್ರೋಟೀನ್‌ನಲ್ಲಿರುವ ಫೀನೈಲಲನೈನ್ ಅನ್ನುವ ಅಂಶವನ್ನ ಕರಗಿಸುವ ಶಕ್ತಿ ಈ ಮಕ್ಕಳ ದೇಹಕ್ಕೆ ಇರಲಿಲ್ಲ. ಅದು ರಕ್ತದಲ್ಲಿ ಜಮೆಯಾಗಿ ಬೆಳೆಯುವ ಮೆದುಳನ್ನ ಹಾಳುಮಾಡುತ್ತಿತ್ತು. ಕಾರಣ ಒಂದೇ ಒಂದು ಜೀನ್. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡೂ ಪ್ರತಿ ಕೆಟ್ಟಿದ್ದರೆ ಕಾಯಿಲೆ.

ಹಣೆಬರಹ ಅಂದರೆ ಇದಕ್ಕಿಂತ ಗಟ್ಟಿ ಉದಾಹರಣೆ ಬೇಕಾ? ಆದರೆ 1950ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾರ್ಸ್ಟ್ ಬಿಕೆಲ್ ಮತ್ತು ಅವರ ಜೊತೆಗಾರರು ಫೀನೈಲಲನೈನ್ ಬಹಳ ಕಡಿಮೆ ಇರುವ ಆಹಾರ ತಯಾರಿಸಿ, ಈ ಕಾಯಿಲೆಯ ಒಂದು ಪುಟ್ಟ ಹುಡುಗಿಗೆ ಕೊಟ್ಟರು. ನಿಲ್ಲಲೂ ಬಾರದಿದ್ದ, ಸದಾ ಅಳುತ್ತಾ ತಲೆ ಚಚ್ಚಿಕೊಳ್ಳುತ್ತಿದ್ದ ಮಗು ಅದು. ಕೆಲವು ತಿಂಗಳಲ್ಲಿ ಅಂಬೆಗಾಲಿಡಲು, ಎದ್ದು ನಿಲ್ಲಲು ಕಲಿಯಿತು. ಇದು ಆಹಾರದಿಂದಲೇ ಆದದ್ದಾ ಅಂತ ತಿಳಿಯಲು ಅದೇ ಅಂಶವನ್ನ ಮತ್ತೆ ಸೇರಿಸಿ ನೋಡಿದರು. ಕೆಲವೇ ಗಂಟೆಗಳಲ್ಲಿ ಹಳೆಯ ಅಳು, ತಲೆ ಚಚ್ಚಿಕೊಳ್ಳುವುದು ವಾಪಸ್. (ಆ ಭಾಗ ಓದುವಾಗ ನನಗೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ಅಷ್ಟು ಚಿಕ್ಕ ಮಗು.)

1960ರ ದಶಕದಲ್ಲಿ ರಾಬರ್ಟ್ ಗಥ್ರಿ ರೂಪಿಸಿದ ಪರೀಕ್ಷೆ ಬಂತು. ಹುಟ್ಟಿದ ಕೂಸಿನ ಹಿಮ್ಮಡಿಗೆ ಚುಚ್ಚಿ ತೆಗೆದ ಒಂದೆರಡು ಹನಿ ರಕ್ತ ಸಾಕು. ಹುಟ್ಟುತ್ತಲೇ ಗೊತ್ತಾಗಿ, ಆಹಾರದ ಪಥ್ಯ ಶುರುವಾಗಿ, ಅದನ್ನ ಬಿಡದೆ ನಡೆಸಿಕೊಂಡು ಬಂದರೆ ಆ ಮಗು ಎಲ್ಲರಂತೆ ಓದಿ ಬೆಳೆಯುತ್ತದೆ. ಜೀನ್ ಇದ್ದ ಹಾಗೇ ಇದೆ. ಬದಲಾದದ್ದು ತಟ್ಟೆಯಲ್ಲಿ ಏನಿದೆ ಅನ್ನುವುದು ಮಾತ್ರ. ಕಾರಣ ಜೀನ್‌ನಲ್ಲಿದ್ದರೆ ಪರಿಹಾರವೂ ಜೀನ್‌ನಲ್ಲೇ ಇರಬೇಕು ಅಂತೇನೂ ಇಲ್ಲ. ನಾನು ಹೇಳಬೇಕಾದ್ದು ಇಷ್ಟೇ. ಉಳಿದದ್ದೆಲ್ಲಾ ಇದರ ಸುತ್ತ.

ಜೀನ್ ಅಷ್ಟೇ ಅಲ್ಲ, ಮೆದುಳಿನ ಕಥೆಯೂ ಹೀಗೇ. ಫಿನಿಯಾಸ್ ಗೇಜ್ ಅನ್ನುವ ರೈಲು ಕೆಲಸದವನ ವಿಷಯವನ್ನೇ ತಗೊಳ್ಳಿ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಳಿಗಾಗಿ ಬಂಡೆ ಸಿಡಿಸುವಾಗ ಆರು ಕೆಜಿ ತೂಕದ ಕಬ್ಬಿಣದ ಸಲಾಕೆ ಅವನ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಬದುಕಿದ. ಆದರೆ ಮಾತು ಒರಟಾಯಿತು, ಯಾವ ಕೆಲಸಕ್ಕೂ ನಿಲ್ಲದವನಾದ ಅಂತ ಅವನ ಡಾಕ್ಟರ್ ಹಾರ್ಲೋ ಬರೆದಿಟ್ಟರು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತವೆ. ಅವನು ಆಮೇಲೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ಹಲವು ಕುದುರೆಗಳ ಲಗಾಮು ಹಿಡಿದು, ಪ್ರಯಾಣಿಕರನ್ನ ಕೂರಿಸಿಕೊಂಡು, ಹೊತ್ತಿಗೆ ಸರಿಯಾಗಿ ಹೊರಡಬೇಕಾದ ಕೆಲಸ ಅದು. ಗಾಯಗೊಂಡ ಮೆದುಳು ದಿನಚರಿಯ ಆಸರೆಯಲ್ಲಿ ಎಷ್ಟೋ ಚೇತರಿಸಿಕೊಂಡಿರಬೇಕು ಅಂತ ಈಗ ಹಲವರು ಅಂದುಕೊಳ್ಳುತ್ತಾರೆ. ನನಗೂ ಹಾಗೇ ಅನಿಸುತ್ತದೆ.

ಲಂಡನ್ನಿನ ಟ್ಯಾಕ್ಸಿ ಚಾಲಕರದ್ದು ಇನ್ನೊಂದು ಕಥೆ. ಸಾವಿರಾರು ಬೀದಿಗಳನ್ನ ಬಾಯಿಪಾಠ ಮಾಡಿ ಪರೀಕ್ಷೆ ಪಾಸಾದವರಿಗಷ್ಟೇ ಅಲ್ಲಿ ಲೈಸೆನ್ಸ್. ಅವರ ಹಿಪೊಕ್ಯಾಂಪಸ್‌ನ (ದಾರಿ, ಜಾಗಗಳನ್ನ ನೆನಪಿಡಲು ನೆರವಾಗುವ ಮೆದುಳಿನ ಭಾಗ) ಹಿಂಭಾಗ ದೊಡ್ಡದಾಗಿದೆ ಅಂತ 2000ದಲ್ಲಿ ಎಲೀನರ್ ಮಗ್ವಾಯರ್ ತಂಡ ತೋರಿಸಿತು. ಹುಟ್ಟಿನಿಂದಲೇ ದೊಡ್ಡದಿದ್ದವರು ಚಾಲಕರಾದರಾ ಅಂತ ಅನುಮಾನ ಬರುತ್ತದೆ, ಅಲ್ವಾ? ಅದಕ್ಕೇ 2011ರ ಅಧ್ಯಯನದಲ್ಲಿ ಕಲಿಯಲು ಶುರು ಮಾಡಿದವರನ್ನೇ ಹಿಂಬಾಲಿಸಿದರು. ಪಾಸಾದವರಲ್ಲಿ ಆ ಭಾಗ ಬೆಳೆದಿತ್ತು, ಫೇಲಾದವರಲ್ಲಿ ಇಲ್ಲ. ಮೆದುಳು ನಡವಳಿಕೆಯನ್ನ ರೂಪಿಸುವುದಷ್ಟೇ ಅಲ್ಲ, ನಡವಳಿಕೆಯೂ ಮೆದುಳನ್ನ ತಿದ್ದುತ್ತದೆ.

"ಸೆರೊಟೋನಿನ್ ಕಡಿಮೆ ಆದರೆ ಖಿನ್ನತೆ" ಅನ್ನುವ ಒಂದು ಸಾಲಿನ ವಿವರಣೆಯನ್ನ ಮಾತ್ರ ನಾನು ತರಗತಿಯಲ್ಲಿ ಹೇಳುವುದಿಲ್ಲ. ಸೆರೊಟೋನಿನ್ ಕೂಡ ಒಂದು ನ್ಯೂರೋಟ್ರಾನ್ಸ್‌ಮಿಟರ್. ಅದರ ಮೇಲೆ ಕೆಲಸ ಮಾಡುವ ಮಾತ್ರೆಗಳಿಂದ ಅನೇಕರಿಗೆ ಉಪಯೋಗ ಆಗುತ್ತದೆ, ಅದು ಬೇರೆ ಮಾತು. ಕಾಯಿಲೆಯ ಕಾರಣ ಅಷ್ಟು ಸರಳ ಅಲ್ಲ.

ಪುಸ್ತಕದಾಚೆ ಇದೆಲ್ಲಾ ನನಗೆ ಮನದಟ್ಟಾದದ್ದು ದೊಡ್ಡಪ್ಪನಿಂದ. ಅವರಿಗೆ ಪಾರ್ಕಿನ್ಸನ್ ಕಾಯಿಲೆ. ಮೆದುಳಿನಲ್ಲಿ ಡೋಪಮೀನ್ ಅನ್ನುವ ನ್ಯೂರೋಟ್ರಾನ್ಸ್‌ಮಿಟರ್ ಕಡಿಮೆಯಾಗಿ ಕೈಕಾಲು ನಡುಗುವ ಕಾಯಿಲೆ ಅದು. ಅಂಗಿ ಗುಂಡಿ ಹಾಕಿಕೊಳ್ಳಲೂ ದೊಡ್ಡಮ್ಮ ಬೇಕಿತ್ತು. ಡೋಪಮೀನ್‌ನಂತೆ ಕೆಲಸ ಮಾಡುವ ಮಾತ್ರೆ ಶುರುವಾದ ಮೇಲೆ ನಡುಕ ಹಿಡಿತಕ್ಕೆ ಬಂತು, ಮನೆಯಲ್ಲಿ ಎಲ್ಲರಿಗೂ ಖುಷಿ. ಕೆಲವು ತಿಂಗಳಾದ ಮೇಲೆ ರಾತ್ರಿ ಹೊದಿಕೆಯೊಳಗೆ ಮೊಬೈಲ್ ಬೆಳಕು ಕಾಣತೊಡಗಿತು. ದುಡ್ಡು ಕಟ್ಟಿ ಆಡುವ ಇಸ್ಪೀಟು. ಜೀವಮಾನದಲ್ಲಿ ಒಂದು ಪಂಥ ಕಟ್ಟದ ಮನುಷ್ಯ ಅವರು! ಉಳಿತಾಯ ಖಾಲಿಯಾಗುತ್ತಾ ಬಂತು. "ಈ ವಯಸ್ಸಲ್ಲಿ ಇವರಿಗೆ ಇದೆಂಥಾ ಬುದ್ಧಿ" ಅಂತ ಮನೆ ತುಂಬಾ ಜಗಳ. ದೊಡ್ಡಪ್ಪ ತಲೆ ತಗ್ಗಿಸಿ ಕೂರುತ್ತಿದ್ದರು. "ಕೈ ತಡೆಯೋಕಾಗ್ತಿಲ್ಲ ಕಣಮ್ಮಾ" ಅಂತ ನನ್ನ ಹತ್ತಿರ ಮಾತ್ರ ಒಮ್ಮೆ ಅಂದರು.

ಮುಂದಿನ ಭೇಟಿಯಲ್ಲಿ ನರರೋಗ ತಜ್ಞರೇ ಕೇಳಿದರು: "ಜೂಜು, ಅತಿಯಾದ ಶಾಪಿಂಗ್, ಹೀಗೇನಾದರೂ ಶುರುವಾಗಿದೆಯಾ?" ಈ ಗುಂಪಿನ ಮಾತ್ರೆಗಳು ಕೆಲವರಲ್ಲಿ ಹೀಗೆ ಮಾಡುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಬಹುಮಾನದ ಆಸೆ ಹುಟ್ಟಿಸುವ ಮೆದುಳಿನ ದಾರಿಯೂ ಡೋಪಮೀನ್‌ನದ್ದೇ. ಮಾತ್ರೆಯ ಪ್ರಮಾಣವನ್ನ ನಿಧಾನಕ್ಕೆ ಇಳಿಸಿ ಬೇರೆ ಔಷಧಿ ಜೋಡಿಸಿದರು. ಆಟದ ಚಟ ಹೋಯಿತು. ನಡುಕ ಸ್ವಲ್ಪ ಜಾಸ್ತಿಯಾಯಿತು, ಅದು ನಿಜ.

ಹಾಗಾದರೆ ದುಡ್ಡು ಕಳೆದದ್ದಕ್ಕೆ ಹೊಣೆ ಯಾರು, ದೊಡ್ಡಪ್ಪನಾ, ಮಾತ್ರೆನಾ? ಇದನ್ನೂ ನಾನು ತರಗತಿಯಲ್ಲಿ ಕೇಳುತ್ತೇನೆ. ಗಂಟೆ ಮುಗಿದರೂ ಚರ್ಚೆ ಮುಗಿಯುವುದಿಲ್ಲ. ದೊಡ್ಡಪ್ಪ ಮಾತ್ರ ತಾನು ಮಾಡಿದ್ದು ತನ್ನದೇ ಅನ್ನುತ್ತಾರೆ, ಬ್ಯಾಂಕಿನ ವ್ಯವಹಾರವನ್ನ ತಾವಾಗಿಯೇ ದೊಡ್ಡಮ್ಮನ ಕೈಗೆ ಕೊಟ್ಟಿದ್ದಾರೆ.

ನಿಮ್ಮ ಮನೆಯಲ್ಲಿ ಯಾರಾದರೂ ಇದೇ ಗುಂಪಿನ ಪ್ರಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆ ತಗೊಳ್ಳುತ್ತಿದ್ದರೆ, ಹೊಸ ಚಟ ಏನಾದರೂ ಕಂಡರೆ, ಜಗಳಕ್ಕೆ ಮೊದಲು ಡಾಕ್ಟರಿಗೆ ಹೇಳಿ. ಮಾತ್ರೆಯನ್ನ ಮಾತ್ರ ನೀವೇ ದಿಢೀರ್ ಅಂತ ನಿಲ್ಲಿಸಬೇಡಿ, ಅದರಿಂದ ಬೇರೆ ತೊಂದರೆಗಳು ಬರುತ್ತವೆ.