ಆರೂವರೆ ಗ್ರಾಂ ಜುಮುಕಿಗೆ ಮೂರು ಸಾವಿರ ಯಾಕೆ?

"ಬೆಳ್ಳಿ ರೇಟು ಫೋನಲ್ಲೇ ಸಿಗುತ್ತೆ. ನಿಮ್ಮ ಜುಮುಕಿ ಜೋಡಿಯ ತೂಕ ಆರೂವರೆ ಗ್ರಾಂ. ಗುಣಿಸಿ ನೋಡಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತಲ್ಲ, ಮತ್ಯಾಕೆ ಇಷ್ಟು ಹೇಳ್ತೀರಿ?"

ಕೈಯಲ್ಲಿ ಬೆಳ್ಳಿ ಒಡವೆ ಮಾಡುವವರು ಈ ಪ್ರಶ್ನೆ ಕೇಳಿಸಿಕೊಳ್ಳದ ವಾರ ಇರುವುದಿಲ್ಲ. ಕೇಳುವುದರಲ್ಲಿ ತಪ್ಪೇನೂ ಇಲ್ಲ, ಕೇಳಬೇಕು. ನನ್ನ ಉತ್ತರ ಇಷ್ಟೇ: ಜುಮುಕಿಯನ್ನು ತೂಗುವ ಮೊದಲು ತಿರುಗಿಸಿ ಹಿಡಿದು, ಅದರ ಬೆಸುಗೆಗಳನ್ನು ಎಣಿಸಿ.

ತೂಕದ ಮೇಲೆ ಬೆಲೆ ಕಟ್ಟುವ ಅಭ್ಯಾಸ ನಮಗೆ ಬಂದದ್ದು ಬಂಗಾರದಿಂದ. ಬಂಗಾರದ ಬಳೆಯ ಬೆಲೆಯಲ್ಲಿ ಬಹುಪಾಲು ಲೋಹದ್ದೇ. ಮಜೂರಿಯನ್ನು ಶೇಕಡಾ ಲೆಕ್ಕದಲ್ಲಿ ಹಾಕಿದರೂ ಕೆಲಸ ಮಾಡಿದವನಿಗೆ ನ್ಯಾಯ ಸಿಗುತ್ತದೆ. ಅದೇ ಲೆಕ್ಕ ಬೆಳ್ಳಿಗೆ ಹಾಕಿ ನೋಡಿ. ಗ್ರಾಂಗೆ 200 ರೂಪಾಯಿ ಎಂದು ಇಟ್ಟುಕೊಂಡರೆ ಆರೂವರೆ ಗ್ರಾಂಗೆ 1,300. ಅದರ ಮೇಲೆ ಶೇ. 15 ಮಜೂರಿ ಎಂದರೆ 195 ರೂಪಾಯಿ. ಒಂದು ಜೋಡಿಗೆ ಹಿಡಿಯುವುದು ಹತ್ತಿರ ಹತ್ತಿರ ಒಂದು ದಿನದ ಕೆಲಸ.

ಮಾತಿಗೆ ಒಂದು ಸಾದಾ ಓಲೆ-ಜುಮುಕಿಯನ್ನೇ ತೆಗೆದುಕೊಳ್ಳೋಣ. ಕೆಳಗೆ 14 ಮಿ.ಮೀ. ಅಗಲದ ಬಟ್ಟಲು, ಅದರ ಅಂಚಿಗೆ ಹುರಿ ಮಾಡಿದ ತಂತಿಯ ಬಳೆ, ಬಳೆಯ ಸುತ್ತ 24 ಗುಂಡು. ಮೇಲೆ 9 ಮಿ.ಮೀ. ಓಲೆ, ನಡುವೆ ಒಂದು ಕೆಂಪು ಕಲ್ಲು, ಕಲ್ಲಿನ ಸುತ್ತ 8 ಗುಂಡು, ಹಿಂದೆ ತಿರುಪು.

ಬಟ್ಟಲಿನಿಂದ ಶುರು ಮಾಡೋಣ. ಅಪ್ಪಟ ಬೆಳ್ಳಿ ಬಲು ಮೆತ್ತಗೆ, ಅಂಚು ಬೇಗ ಸೊಟ್ಟಗಾಗುತ್ತದೆ. ಹಾಗಾಗಿ 100 ಗ್ರಾಂ ಅಪ್ಪಟ ಬೆಳ್ಳಿಗೆ 8.1 ಗ್ರಾಂ ತಾಮ್ರ ಸೇರಿಸಿ ಮೂಸೆಯಲ್ಲಿ ಕರಗಿಸಿದರೆ 925 ಬೆಳ್ಳಿ (ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ) ಸಿಗುತ್ತದೆ. ಅದನ್ನು 0.4 ಮಿ.ಮೀ. ತಗಡು ಮಾಡಬೇಕು. ಅರ್ಧಗೋಳ ಬರಬೇಕಾದರೆ ಬಟ್ಟಲಿನ ಅಗಲದ 1.4 ಪಟ್ಟು ಬಿಲ್ಲೆ ಬೇಕು, ಅಂದರೆ 14 ಮಿ.ಮೀ. ಬಟ್ಟಲಿಗೆ 20 ಮಿ.ಮೀ. ಬಿಲ್ಲೆ. ಚೌಕ ತಗಡಿನಿಂದ ಬಿಲ್ಲೆ ಕತ್ತರಿಸಿದಾಗ ಐದನೇ ಒಂದು ಭಾಗಕ್ಕೂ ಸ್ವಲ್ಪ ಹೆಚ್ಚು ಮೂಲೆಗಳಲ್ಲಿ ಉಳಿದು ಮತ್ತೆ ಮೂಸೆಗೆ ಹೋಗುತ್ತದೆ. ಬಿಲ್ಲೆಯನ್ನು ಗುಳಿಯಚ್ಚಿನಲ್ಲಿಟ್ಟು ಬಡಿಯುವಾಗ ಒಂದೇ ಸಲಕ್ಕೆ ಚಿಕ್ಕ ಗುಳಿಗೆ ಇಳಿಸಬಾರದು. ದೊಡ್ಡ ಗುಳಿಯಿಂದ ಚಿಕ್ಕದಕ್ಕೆ ನಾಲ್ಕೈದು ಮೆಟ್ಟಿಲು ಬೇಕು. ಬಡಿದಷ್ಟೂ ಬೆಳ್ಳಿ ಗಡುಸಾಗುತ್ತದೆ. ನಡುವೆ ಮಂದ ಕೆಂಪು ಬರುವಷ್ಟು ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡದಿದ್ದರೆ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಆ ಬಿರುಕು ಆಗ ಕಾಣುವುದಿಲ್ಲ. ಕೊನೆಗೆ ಪಾಲಿಶ್ ಮಾಡುವಾಗ ಕಾಣುತ್ತದೆ, ಅಷ್ಟರೊಳಗೆ ಉಳಿದ ಕೆಲಸವೆಲ್ಲ ಮುಗಿದಿರುತ್ತದೆ.

ಇನ್ನು ಗುಂಡು. ಜುಮುಕಿಯ ಚೆಂದ ಇರುವುದೂ ಇಲ್ಲಿ, ಬೆಲೆ ಇರುವುದೂ ಇಲ್ಲಿ. ಕಂಬಚ್ಚಿನಲ್ಲಿ (ತಂತಿ ಸಣ್ಣ ಮಾಡುವ ತೂತುಗಳ ಉಕ್ಕಿನ ಪಟ್ಟಿ) ಎಳೆದು 0.8 ಮಿ.ಮೀ.ಗೆ ತಂದ ತಂತಿಯನ್ನು ಸರಿಯಾಗಿ 1 ಮಿ.ಮೀ. ಉದ್ದಕ್ಕೆ ತುಂಡರಿಸಬೇಕು. ಇದ್ದಿಲಿನ ಮೇಲೆ ಹರಡಿ ಉರಿ ಹಿಡಿದರೆ ತುಂಡು ಕರಗಿ, ತಾನೇ ಉರುಟಾಗಿ, ಸುಮಾರು 1 ಮಿ.ಮೀ. ಗುಂಡಾಗುತ್ತದೆ. ತುಂಡಿನ ಉದ್ದ ಹೆಚ್ಚು ಕಡಿಮೆಯಾದರೆ ಗುಂಡೂ ಹಾಗೇ. ಸಾಲಿನಲ್ಲಿ ಒಂದೇ ಒಂದು ದಪ್ಪ ಗುಂಡು ಇದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಅದಕ್ಕೇ ಬೇಕಾದ್ದಕ್ಕಿಂತ ಕಾಲು ಭಾಗ ಹೆಚ್ಚು ಮಾಡಿ, ಜರಡಿ ಹಿಡಿದು, ಸಮನಾದವನ್ನು ಮಾತ್ರ ಆರಿಸುವುದು. ಹಾಗೆ ಆರಿಸಿದ ಒಂದು ಗುಂಡಿನ ತೂಕ ಸುಮಾರು 5 ಮಿಲಿಗ್ರಾಂ. ಬಟ್ಟಲಿನ ಸುತ್ತಲಿನ ಇಪ್ಪತ್ತನಾಲ್ಕನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿದರೆ 0.12 ಗ್ರಾಂ ಚಿಲ್ಲರೆ, ಹಿಂದಿನ ಅಕ್ಕಸಾಲಿಗರ ಭಾಷೆಯಲ್ಲಿ ಒಂದು ಗುಲಗಂಜಿ. ತೂಕದ ಲೆಕ್ಕದಲ್ಲಿ ಈ ಇಡೀ ಸಾಲಿನ ಬೆಲೆ ಇಪ್ಪತ್ತೈದು ರೂಪಾಯಿ.

ಗುಂಡು ಮಾಡುವುದಕ್ಕಿಂತ ಕೂರಿಸುವುದು ಕಷ್ಟ. ಬೆಸುಗೆ ಚೆನ್ನಾಗಿ ಹರಿಯಲು ಹಚ್ಚುವ ಬಿಳಿಗಾರವನ್ನು (ಬೋರಾಕ್ಸ್) ನೀರಿನಲ್ಲಿ ತೇದು, ಸಣ್ಣ ಕುಂಚದಿಂದ ಒಂದೊಂದೇ ಗುಂಡನ್ನು ಎತ್ತಿ ಜಾಗಕ್ಕೆ ಇಡಬೇಕು. ಉರಿ ತಗುಲಿದ ತಕ್ಷಣ ಬಿಳಿಗಾರದೊಳಗಿನ ನೀರು ಆವಿಯಾಗಿ, ಅದು ಅರಳಿನಂತೆ ಉಬ್ಬುತ್ತದೆ. ಆ ಉಬ್ಬಿಗೆ ಗುಂಡುಗಳು ಜಾರಿ ಒಂದರ ಮೇಲೊಂದು ಬೀಳುತ್ತವೆ. ಕಲಿಯುವವರು ಮೊದಲ ತಿಂಗಳು ಸೋಲುವುದು ಇಲ್ಲೇ. ಉರಿಯನ್ನು ದೂರದಲ್ಲೇ ಆಡಿಸಿ, ಬಿಳಿಗಾರ ಉಬ್ಬಿ, ಇಳಿದು, ಗಾಜಿನ ಹಾಗೆ ಅಂಟಿಕೊಳ್ಳುವವರೆಗೆ ಕಾಯಬೇಕು. ಆಮೇಲಷ್ಟೇ ಹತ್ತಿರ ತರಬೇಕು. ಹಳಬರು ಗುಲಗಂಜಿಯನ್ನೇ ತೇದು ಅಂಟಾಗಿ ಬಳಸುತ್ತಿದ್ದುದು ಇದೇ ಕಾರಣಕ್ಕೆ. (ಬಳಸುವುದಾದರೆ ಜೋಪಾನ, ಒಡೆದ ಗುಲಗಂಜಿ ಹೊಟ್ಟೆಗೆ ಹೋದರೆ ವಿಷ. ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ.)

ಬೆಸೆಯಲು ಕರಗಿಸುವ ಲೋಹಕ್ಕೂ ಬೆಸುಗೆ ಎಂದೇ ಹೆಸರು. ಅದರ ಸ್ವಭಾವ ಎಂದರೆ ಬಿಸಿ ಎಲ್ಲಿ ಹೆಚ್ಚೋ ಅಲ್ಲಿಗೆ ಓಡುವುದು. ಉರಿಯನ್ನು ನೇರ ಗುಂಡಿಗೆ ಹಿಡಿದರೆ ಅಷ್ಟು ಸಣ್ಣ ಗುಂಡು ಬಟ್ಟಲಿಗಿಂತ ಮೊದಲೇ ಕಾದು, ಬೆಸುಗೆಯೆಲ್ಲ ಅದರ ಮೈಮೇಲೆ ಹತ್ತಿ, ಬುಡ ಹಿಡಿಯದೇ ಉಳಿಯುತ್ತದೆ. ಅದಕ್ಕಾಗಿ ಬಟ್ಟಲನ್ನೇ ಒಳಗಡೆಯಿಂದ ಕಾಯಿಸಬೇಕು. ಬೆಸುಗೆಯನ್ನು ತುಂಡು ಮಾಡದೆ, ಅರದಿಂದ ಉಜ್ಜಿ ಪುಡಿ ಮಾಡಿ ಚಿಟಿಕೆಯಷ್ಟೇ ಉದುರಿಸಬೇಕು. ಹೆಚ್ಚಾದರೆ ಗುಂಡುಗಳ ನಡುವಿನ ಸಂದು ತುಂಬಿ, ಸಾಲು ಒಂದೇ ಮುದ್ದೆಯಾಗುತ್ತದೆ. ಹಾಗಾದ ಬಟ್ಟಲನ್ನು ಸರಿಪಡಿಸಲು ಬರುವುದಿಲ್ಲ, ಕರಗಿಸಬೇಕು ಅಷ್ಟೆ.

ಇಷ್ಟೂ ಕೆಲಸ ನಡೆಯುವುದು ಬಹಳ ಇಕ್ಕಟ್ಟಿನ ಶಾಖದಲ್ಲಿ. 925 ಬೆಳ್ಳಿ 800 ಡಿಗ್ರಿ ಆಸುಪಾಸಿನಲ್ಲಿ ತಾನೇ ಕರಗಲು ಶುರುವಾಗುತ್ತದೆ. ಗಟ್ಟಿ ಬೆಸುಗೆ ಹರಿಯುವುದು ಸುಮಾರು 770ರಲ್ಲಿ, ನಡುವಿನದು 745ರಲ್ಲಿ, ಮೆದು ಬೆಸುಗೆ 715ರಲ್ಲಿ. ಹುರಿ ತಂತಿಯ ಬಳೆ ಮುಚ್ಚುವುದಕ್ಕೂ ಅದನ್ನು ಬಟ್ಟಲಿಗೆ ಹಿಡಿಸುವುದಕ್ಕೂ ಗಟ್ಟಿ, ಗುಂಡುಗಳಿಗೆ ನಡುವಿನದು, ಮೇಲಿನ ಕೊಂಡಿಗೂ ತಿರುಪಿನ ಕಡ್ಡಿಗೂ ಮೆದು. ಈ ಕ್ರಮ ತಪ್ಪಿದರೆ ಕೊನೆಯ ಬೆಸುಗೆ ಹಾಕುವಾಗ ಮೊದಲಿನದು ಬಿಚ್ಚಿಕೊಳ್ಳುತ್ತದೆ. ಬೆಸುಗೆ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ ಕೊಳ್ಳಬೇಕು. ಕ್ಯಾಡ್ಮಿಯಂ ಹೊಗೆ ಶ್ವಾಸಕೋಶವನ್ನೂ ಮೂತ್ರಪಿಂಡವನ್ನೂ ಹಾಳು ಮಾಡುತ್ತದೆ. ಇದರಲ್ಲಿ ಉಳಿತಾಯ ನೋಡುವುದು ಶುದ್ಧ ತಪ್ಪು.

ಈಗ ಎಣಿಸಿ. ಬಟ್ಟಲಿನ ಗುಂಡು 24, ಓಲೆಯ ಗುಂಡು 8, ಬಳೆಗೆ 2, ಬಟ್ಟಲಿನ ಮೇಲಿನ ಕೊಂಡಿಗೆ 1, ಕಲ್ಲಿನ ಸುತ್ತಲಿನ ಪಟ್ಟಿಗೆ 2, ತಿರುಪಿನ ಕಡ್ಡಿಗೆ 1, ಓಲೆಯ ಕೆಳಗಿನ ಕೊಂಡಿಗೆ 1, ಎರಡನ್ನೂ ಸೇರಿಸುವ ಬಳೆಗೆ 1. ಒಂದು ಕಿವಿಗೆ 40, ಜೋಡಿಗೆ 80 ಬೆಸುಗೆ. ಇದರಲ್ಲಿ ಒಂದು ಕೈಕೊಟ್ಟರೂ ಒಡವೆ ಮಾರುವಂತಿಲ್ಲ.

ಪ್ರತಿ ಸಲ ಕಾಯಿಸಿದಾಗಲೂ ತಾಮ್ರ ಉರಿದು ಮೈ ಕಪ್ಪಾಗುತ್ತದೆ. ಅರ್ಧ ಲೀಟರ್ ಬಿಸಿನೀರಿಗೆ 50 ಗ್ರಾಂ ನಿಂಬೆ ಉಪ್ಪು ಹಾಕಿ ಅದರಲ್ಲಿ ನೆನೆಸಿದರೆ ಬಿಡುತ್ತದೆ, ಹುಣಸೆ ನೀರೂ ನಡೆಯುತ್ತದೆ. ಆ ನೀರಿಗೆ ಕಬ್ಬಿಣದ ಚಿಮಟ ಅದ್ದಿದರೆ ಬೆಳ್ಳಿಯ ಮೇಲೆ ತಾಮ್ರದ ಬಣ್ಣ ಕೂರುತ್ತದೆ, ಬಿದಿರಿನದೋ ತಾಮ್ರದ್ದೋ ಬಳಸಬೇಕು. ಆಮೇಲೆ ಸೋಡಾ ಪುಡಿ ಹಾಕಿದ ನೀರಿನಲ್ಲಿ ಕುದಿಸದಿದ್ದರೆ ಹುರಿಯ ಸಂದಿನಲ್ಲಿ ಉಳಿದ ಹುಳಿ ನಾಲ್ಕು ದಿನ ಬಿಟ್ಟು ಹಸಿರಾಗಿ ಹೊರಬರುತ್ತದೆ. ಕಲ್ಲು ಕಟ್ಟುವುದು ಉರಿಯ ಕೆಲಸವೆಲ್ಲ ಮುಗಿದ ಮೇಲೆ. ಕೊನೆಗೆ ಅಂಟುವಾಳದ ನೀರು, ಹಿತ್ತಾಳೆ ಬ್ರಷ್.

ದುಡ್ಡಿನ ಲೆಕ್ಕಕ್ಕೆ ಬರೋಣ. ತಗಡು, ಬಟ್ಟಲು ಒಂದು ಗಂಟೆ. ತಂತಿ, ಗುಂಡು ಒಂದು ಗಂಟೆ. ಬೆಸುಗೆ ಎರಡು ಗಂಟೆ. ಓಲೆ, ತಿರುಪು, ಕಲ್ಲು ಒಂದೂಕಾಲು. ಅರ, ತೊಳೆತ, ಪಾಲಿಶ್ ಒಂದೂಕಾಲು. ಒಟ್ಟು ಆರೂವರೆ ಗಂಟೆ, ಅದೂ ಕೈ ಪಳಗಿದವರಿಗೆ. ಗಂಟೆಗೆ 200 ರೂಪಾಯಿ ಹಿಡಿದರೆ 1,300. ಬೆಳ್ಳಿ 1,300. ಕಲ್ಲು, ಗ್ಯಾಸ್, ಬೆಸುಗೆ, ಡಬ್ಬಿ ಎಲ್ಲ ಸೇರಿ 200. ಹತ್ತರಲ್ಲಿ ಒಂದು ಕೆಡುತ್ತದೆ ಎಂದು ಇನ್ನೊಂದು 280. ಅಲ್ಲಿಗೆ 3,080. ಲಾಭ, ಮಳಿಗೆ ಬಾಡಿಗೆ, ತೆರಿಗೆ ಯಾವುದೂ ಇದರಲ್ಲಿಲ್ಲ. ಮೂರು ಸಾವಿರಕ್ಕೆ ಕೊಡುವವರು ತಮ್ಮ ಗಂಟೆಯ ಬೆಲೆಯನ್ನು ಇಳಿಸಿಕೊಂಡೇ ಕೊಡುತ್ತಾರೆ. ಹೊಸಬರು ಅದನ್ನು ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

"ಇಂಥದೇ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುತ್ತೆ" ಎಂಬ ಮಾತೂ ನಿಜ. ಅದು ಬಹುಪಾಲು ಎರಕದ ಜುಮುಕಿ. ರಬ್ಬರ್ ಅಚ್ಚಿನಿಂದ ಮೇಣದ ಹತ್ತಾರು ಪ್ರತಿ ತೆಗೆದು, ಎಲ್ಲಕ್ಕೂ ಒಂದೇ ಸಲ ಬೆಳ್ಳಿ ಹೊಯ್ಯುತ್ತಾರೆ. ಅಲ್ಲಿ ಗುಂಡೂ ಬಟ್ಟಲೂ ಒಟ್ಟಿಗೇ ಹುಟ್ಟುತ್ತವೆ, ಆದ್ದರಿಂದ ತೂಕದ ಬೆಲೆಯೇ ಸರಿ. ಉಂಗುರಕ್ಕೆ ಎರಕ ಚೆನ್ನಾಗಿಯೇ ಇರುತ್ತದೆ. ಜುಮುಕಿಗೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಎರಕ ಹರಿಯಲು ಗೋಡೆ ದಪ್ಪ ಇರಬೇಕು, ಕಿವಿಗೆ ಭಾರ. ವ್ಯತ್ಯಾಸ ನೋಡಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಕೈಯಲ್ಲಿ ಕೂರಿಸಿದ ಗುಂಡಿನ ಬುಡ ಒಳಕ್ಕೆ ಸರಿದು, ಸುತ್ತ ತೆಳು ಕಪ್ಪು ನೆರಳು ಕಾಣುತ್ತದೆ. ಎರಕದ ಗುಂಡು ಬುಡದಲ್ಲಿ ಅಗಲವಾಗಿ, ಮೊಡವೆಯಂತೆ ತಗಡಿನೊಳಗೆ ಬೆರೆತಿರುತ್ತದೆ. ಬೆಳ್ಳಿಯ ಗುಣಮಟ್ಟ ಬೇರೆಯದೇ ವಿಚಾರ. ಅದಕ್ಕೆ ಹಾಲ್‌ಮಾರ್ಕ್ ನೋಡಿ. 2025ರ ಸೆಪ್ಟೆಂಬರ್ 1ರಿಂದ ಹಾಲ್‌ಮಾರ್ಕ್ ಆಗುವ ಬೆಳ್ಳಿ ಒಡವೆಗೂ ಎಚ್‌ಯುಐಡಿ ಸಂಖ್ಯೆ (ಪ್ರತಿ ಒಡವೆಗೂ ಬೇರೆಯಾದ ಗುರುತು) ಬರುತ್ತಿದೆ.

"ಹಳೇ ಕಾಲ್ಗೆಜ್ಜೆ ಕೊಡ್ತೀನಿ, ಅದರಲ್ಲೇ ಮಾಡಿ, ಬೆಲೆ ಇಳಿಸಿ" ಎನ್ನುವವರೂ ಇದ್ದಾರೆ. ಗೆಜ್ಜೆಯಲ್ಲಿ ಬೆಸುಗೆ ತುಂಬಾ ಇರುತ್ತದೆ, ಎಲ್ಲೋ ಒಂದು ಕಡೆ ಸೀಸದಿಂದ ರಿಪೇರಿ ಮಾಡಿರುವುದೂ ಉಂಟು. ಹಾಗೇ ಕರಗಿಸಿದರೆ ತಗಡು ಪೆಡಸಾಗಿ ಬಡಿಯುವಾಗಲೇ ಸೀಳುತ್ತದೆ. ಶುದ್ಧಿಗೆ ಕಳಿಸಿ, ಬಂದ ಅಪ್ಪಟ ಬೆಳ್ಳಿಯ ತೂಕವನ್ನು ಮಾತ್ರ ಬೆಲೆಯಲ್ಲಿ ಕಳೆಯಬಹುದು. ಮಜೂರಿ ಅಷ್ಟೇ ಇರುತ್ತದೆ.

ಗುಂಡು ಉದುರಿದರೆ ಅದನ್ನು ಕಾಗದದಲ್ಲಿ ಸುತ್ತಿಟ್ಟು ಮಾಡಿದವರಿಗೇ ಒಪ್ಪಿಸಿ. ಬೇರೆ ಕಡೆ ತವರದ ಬೆಸುಗೆ ಹಾಕಿಸಬೇಡಿ. ತವರ, ಸೀಸ ಒಮ್ಮೆ ತಗುಲಿದ ಜಾಗವನ್ನು ಮತ್ತೆ ಕೆಂಪಗೆ ಕಾಯಿಸಿದರೆ ಬೆಳ್ಳಿಯೇ ಕರಗಿ ಗುಳಿ ಬೀಳುತ್ತದೆ. ಅದನ್ನೆಲ್ಲ ಅರದಿಂದ ಕೆರೆದು ತೆಗೆಯದೆ ಯಾರೂ ರಿಪೇರಿ ಮಾಡಲಾರರು. ಬಟ್ಟಲಿನ ಗುಂಡಾದರೆ ಬಟ್ಟಲನ್ನು ಓಲೆಯಿಂದ ಬೇರ್ಪಡಿಸಿ ಅರ್ಧ ಗಂಟೆಯಲ್ಲಿ ಕೂರಿಸಬಹುದು. ಓಲೆಯ ಗುಂಡಾದರೆ ಕಲ್ಲು ಬಿಚ್ಚಿ ಮತ್ತೆ ಕಟ್ಟಬೇಕು. ಅದಕ್ಕೆ ಒಂದು ದಿನ ಬಿಟ್ಟು ಬನ್ನಿ ಎನ್ನುತ್ತೇವೆ.